ಸರ್ಕಾರಿ ದವಾಖಾನೆ ನಮ್ಮ ಮಾತು ಕೇಳುತ್ತದಾ? ವಿಜಯಪುರ ಜಿಲ್ಲೆಯ ರೋಗಿಗಳು, ಡಾಕ್ಟರುಗಳು ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರ ಜಿಲ್ಲೆಯ ಊರು, ತಾಂಡಾಗಳಲ್ಲಿ ಗ್ರಾಮ ಆರೋಗ್ಯ ಸಮಿತಿಯ ಸಭೆ ನಡೆದಾಗ, ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಕಟ್ಟೆಯ ಮೇಲೆ ಕುಳಿತಾಗ ಮತ್ತೆ ಮತ್ತೆ ಕಿವಿಗೆ ಬಿದ್ದ ಪ್ರಶ್ನೆಗಳಿವು. ಕೆಲವು ಪತ್ರದಲ್ಲಿ ಬಂದವು. ಜಾಸ್ತಿ ರೋಗಿಗಳದು, ಉಳಿದವು ಡಾಕ್ಟರುಗಳದು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ದವಾಖಾನೆ ಜನರಿಗೆ ಎಷ್ಟು ಸ್ಪಂದಿಸುತ್ತದೆ ಅನ್ನುವುದೇ ಇಲ್ಲಿನ ವಿಷಯ. ಯಾವ ಜಡ್ಡಿಗೆ ಯಾವ ಗುಳಿಗೆ ಅನ್ನುವುದು ಇಲ್ಲಿ ಸಿಗುವುದಿಲ್ಲ.

## ಮೊದಲ ಮಾತು

"ಜಡ್ಡು ಕಮ್ಮಿ ಆದ್ರ ಸಾಕಲ್ರಿ. ಈ ಸ್ಪಂದನೆ ಅಂದ್ರ ಏನು ಮತ್ತ?"

ಜಡ್ಡು ವಾಸಿಯಾಗುವುದು ಒಂದು ಲೆಕ್ಕ. ಅಲ್ಲಿಯವರೆಗೆ ನಿಮ್ಮನ್ನು ಹೇಗೆ ನಡೆಸಿಕೊಂಡರು ಅನ್ನುವುದು ಇನ್ನೊಂದು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2000ನೇ ಇಸವಿಯ ವರದಿಯಲ್ಲಿ ಆರೋಗ್ಯ ವ್ಯವಸ್ಥೆಗೆ ಮೂರು ಗುರಿ ಹೇಳಿತು. ಜನರ ಆರೋಗ್ಯ ಸುಧಾರಿಸಬೇಕು. ಖರ್ಚಿನ ಹೊರೆ ನ್ಯಾಯವಾಗಿ ಹಂಚಿಕೆಯಾಗಬೇಕು. ಜನರ ನ್ಯಾಯವಾದ ನಿರೀಕ್ಷೆಗೆ ಸ್ಪಂದಿಸಬೇಕು.

ಈ ಮೂರನೆಯದನ್ನು ಎಂಟು ಭಾಗ ಮಾಡಿ ನೋಡುವ ರೂಢಿ ಬಂದಿದೆ. ಮರ್ಯಾದೆ ಕೊಟ್ಟರಾ? ತಿಳಿಯುವ ಹಾಗೆ ಹೇಳಿದರಾ? ಗುಟ್ಟು ಕಾಯ್ದರಾ? ಚಿಕಿತ್ಸೆಗೆ ಮೊದಲು ನಿಮ್ಮನ್ನು ಕೇಳಿದರಾ? ಬೇಗ ನೋಡಿದರಾ? ಕೂರಲು ಜಾಗ, ನೀರು, ಶೌಚಾಲಯ ಇತ್ತಾ? ಮನೆಯವರನ್ನು ಜೊತೆಗೆ ಇರಲು ಬಿಟ್ಟರಾ? ಯಾರಿಗೆ ತೋರಿಸಬೇಕು ಅನ್ನುವ ಆಯ್ಕೆ ಇತ್ತಾ? ಕೊನೆಯದನ್ನು ಒಬ್ಬರೇ ಡಾಕ್ಟರ್ ಇರುವ ಊರಲ್ಲಿ ಕೇಳಿದರೆ ಜನ ನಗುತ್ತಾರೆ, ಅದು ಬೇರೆ ಮಾತು.

"ಒಂದ್ ಪಿಎಚ್‌ಸಿ ಅಂದ್ರ ಎಷ್ಟು ಮಂದಿಗೆ ಇರಬೇಕ್ರಿ?"

ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ, 1,20,000 ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ. ಗುಡ್ಡಗಾಡಿನಲ್ಲಿ ಪಿಎಚ್‌ಸಿಗೆ 20,000 ಜನ ಸಾಕು. ನಮ್ಮ ಜಿಲ್ಲೆಗೆ ಬಯಲಿನ ಲೆಕ್ಕವೇ. ಹೊಲದ ಮನೆಗಳು, ತಾಂಡಾಗಳು ದೂರ ದೂರ ಇರುವುದರಿಂದ ಜನಸಂಖ್ಯೆ ಸರಿ ಇದ್ದರೂ ನಡೆಯುವ ದಾರಿ ಉದ್ದವಾಗುತ್ತದೆ. ಉಪಕೇಂದ್ರಗಳಲ್ಲಿ ಈಗ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ಬಿಪಿ, ಶುಗರ್ ನೋಡಿಸಲು ಮೊದಲು ಅಲ್ಲಿಗೇ ಹೋಗಿ.

## ಪಾಳಿ, ಸೂಜಿ, ಪರದೆ

"ಎರಡ್ ತಾಸು ಪಾಳಿ ಹಚ್ಚೀನ್ರಿ. ಒಳಗ ಹೋದ್ರ ಎರಡ್ ನಿಮಿಷನೂ ನೋಡಲಿಲ್ಲ. ಇದು ಸರೀನಾ?"

ಸರಿ ಅಲ್ಲ. ಆದರೆ ಕಾರಣ ಬರೀ ಸೋಮಾರಿತನ ಅಂತ ತಿಳಿಯಬೇಡಿ.

ಕೇಂದ್ರ ಸರ್ಕಾರದ 2012ರ ಮಾನದಂಡದ ಪ್ರಕಾರ ಪಿಎಚ್‌ಸಿಯಲ್ಲಿ ಹೊರರೋಗಿಗಳನ್ನು ದಿನಕ್ಕೆ 6 ತಾಸು ನೋಡಬೇಕು. ಬೆಳಿಗ್ಗೆ 4, ಮಧ್ಯಾಹ್ನದ ಮೇಲೆ 2. ಒಬ್ಬ ಡಾಕ್ಟರಿಗೆ ದಿನಕ್ಕೆ ಕನಿಷ್ಠ 40 ರೋಗಿಗಳು. ಭಾಗಿಸಿದರೆ ತಲೆಗೆ 9 ನಿಮಿಷ ಬರುತ್ತದೆ. ಕಾಗದದಲ್ಲಿ ಚೆಂದ! ನಮ್ಮಲ್ಲಿ ಜನ ಬರುವುದು ಬಸ್ಸಿನ ಟೈಮಿಗೆ, ಇಲ್ಲವೇ ಟಮ್‌ಟಮ್ ತುಂಬಿದ ಮೇಲೆ. ಸಂತೆ ದಿನ ಕೇಳಲೇಬೇಡಿ. 10ರಿಂದ 12ರೊಳಗೆ 60 ಜನ ಬಂದರೆ ತಲೆಗೆ ಎರಡೇ ನಿಮಿಷ. ಅದೇ ಮಧ್ಯಾಹ್ನ ಮೂರರ ಮೇಲೆ ಬೆಂಚು ಖಾಲಿ ಇರುತ್ತದೆ. ಎರಡು ನಿಮಿಷದ ಕತೆ ನಮ್ಮ ಜಿಲ್ಲೆಯದು ಮಾತ್ರ ಅಲ್ಲ. 2017ರಲ್ಲಿ ಬಂದ 67 ದೇಶಗಳ ಅಧ್ಯಯನದಲ್ಲಿ ಪ್ರಾಥಮಿಕ ಹಂತದ ಡಾಕ್ಟರ್ ಭೇಟಿ ಬಾಂಗ್ಲಾದೇಶದಲ್ಲಿ 48 ಸೆಕೆಂಡ್, ಸ್ವೀಡನ್‌ನಲ್ಲಿ 22 ನಿಮಿಷಕ್ಕೂ ಜಾಸ್ತಿ, ಭಾರತದಲ್ಲಿ ಸುಮಾರು 2 ನಿಮಿಷ ಇತ್ತು.

ಕಾಯುವವರ ಜೊತೆ ಕುಳಿತು ಮಾತಾಡಿದರೆ ಸಿಟ್ಟು ಎಲ್ಲಿಂದ ಬರುತ್ತದೆ ಅಂತ ಗೊತ್ತಾಗುತ್ತದೆ. ಡಾಕ್ಟರ್ ಬರುತ್ತಾರೋ ಇಲ್ಲವೋ ಯಾರೂ ಹೇಳುವುದಿಲ್ಲ. ಊರ ದೊಡ್ಡವರ ಕಡೆಯವರು ಬಾಗಿಲು ದೂಡಿಕೊಂಡು ಒಳಗೆ ಹೋಗುತ್ತಾರೆ. ಎರಡು ತಾಸು ಕಾಯಲು ತಯಾರಿರುವ ಅಜ್ಜಿ ಇದನ್ನು ಮಾತ್ರ ಸಹಿಸುವುದಿಲ್ಲ. ನಂಬರ್ ಬರೆದ ರಟ್ಟಿನ ತುಂಡು ಕೊಟ್ಟು, "ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, 12ಕ್ಕೆ ಬರುತ್ತಾರೆ" ಅಂತ ಬಾಗಿಲ ಮೇಲೆ ಬರೆದರೆ ಅರ್ಧ ಜಗಳ ಇರುವುದಿಲ್ಲ. ಬಸುರಿ, ಕೂಸು, ತೀರ ಸುಸ್ತಾದವರನ್ನು ಮೊದಲು ಬಿಡಬೇಕು. ಯಾಕೆ ಬಿಟ್ಟೆವು ಅನ್ನುವುದನ್ನು ಉಳಿದವರಿಗೆ ಕೇಳುವ ಹಾಗೆ ಹೇಳಬೇಕು.

"ಮೈ ಮುಟ್ಟಿ ನೋಡಲೇ ಇಲ್ಲ, ಗುಳಿಗಿ ಬರದ್ ಕೊಟ್ಟ್ರು. ಹ್ಯಾಂಗ್ ನಂಬೂದು?"

ಇಲ್ಲಿ ಇಬ್ಬರ ಅಳತೆಗೋಲು ಬೇರೆ ಬೇರೆ. ಮೂರು ದಿನದ ನೆಗಡಿ ಜ್ವರವನ್ನು ಡಾಕ್ಟರ್ ಎರಡು ಪ್ರಶ್ನೆ ಕೇಳಿ ಗುರುತಿಸುತ್ತಾರೆ. ಔಷಧ ಸರಿ ಇದ್ದರೆ ಕೆಲಸ ಮುಗಿಯಿತು ಅನ್ನುವುದು ಅವರ ಲೆಕ್ಕ. ನಾಡಿ ಹಿಡಿಯಲಿಲ್ಲ, ಎದೆಗೆ ಸ್ಟೆತಸ್ಕೋಪ್ ಇಡಲಿಲ್ಲ, ಅಂದ ಮೇಲೆ ನೋಡಲೇ ಇಲ್ಲ ಅನ್ನುವುದು ರೋಗಿಯ ಲೆಕ್ಕ. ನನ್ನ ಮಟ್ಟಿಗೆ ರೋಗಿಯ ಲೆಕ್ಕದಲ್ಲಿ ಹುರುಳಿದೆ. ಪರೀಕ್ಷೆ ಮಾಡದೆ ಬಿಟ್ಟರೆ ಯಾರದೋ ಒಬ್ಬರ ನ್ಯುಮೋನಿಯಾ ತಪ್ಪಿಹೋಗಬಹುದು. ಪರೀಕ್ಷೆ ಬೇಕಿಲ್ಲ ಅಂತ ಖಾತ್ರಿ ಇದ್ದರೆ ಅದನ್ನೇ ಬಾಯಿಬಿಟ್ಟು ಹೇಳಬಹುದಲ್ವಾ? "ಇದು ಬರೀ ನೆಗಡಿ ಜ್ವರ ಬಿಡವ್ವ, ಮೂರು ದಿನದಲ್ಲಿ ಇಳಿಯುತ್ತೆ, ಇಳಿಯದಿದ್ದರೆ ಬಾ." ಇಷ್ಟಕ್ಕೆ ಹತ್ತು ಸೆಕೆಂಡ್ ಸಾಕು.

"ಸೂಜಿ ಮಾಡ್ರಿ ಅಂದ್ರ ಒಲ್ಲೆ ಅಂತಾರ. ಮಂದಿ ಕೇಳಿದ್ದ ಕೊಡೂದೂ ಸ್ಪಂದನೆ ಅಲ್ಲೇನ್ರಿ?"

ಅಲ್ಲ. ಅದಕ್ಕೇ "ನ್ಯಾಯವಾದ ನಿರೀಕ್ಷೆ" ಅಂತ ಮಾತು ಇಟ್ಟಿರುವುದು. ಬೇಡದ ಸೂಜಿಯಿಂದ ಕೀವು ತುಂಬಬಹುದು, ನರಕ್ಕೆ ಪೆಟ್ಟಾಗಬಹುದು, ಸೂಜಿ ಸ್ವಚ್ಛ ಇಲ್ಲದಿದ್ದರೆ ಕಾಮಾಲೆಯ ವೈರಸ್ ಹರಡಬಹುದು. ಬೇಡದ ಆಂಟಿಬಯಾಟಿಕ್ ಕೊಟ್ಟರೆ ಮುಂದೆ ಬೇಕಾದಾಗ ಅದು ಕೆಲಸ ಮಾಡದೆ ಹೋಗಬಹುದು. ದಣಿದವರಿಗೆಲ್ಲ ಸಲಾಯಿನ್ ಹಚ್ಚುವ ಊರ ಆರ್‌ಎಂಪಿ (ಡಾಕ್ಟರಿಕೆ ಓದದೆ ಔಷಧ ಕೊಡುವವ) ಹತ್ತಿರ ಜನ ಯಾಕೆ ಹೋಗುತ್ತಾರೆ ಅಂದರೆ, ಆತ ಕೂರಿಸಿ ಮಾತಾಡುತ್ತಾನೆ, ರಾತ್ರಿಯೂ ಬಾಗಿಲು ತೆರೆಯುತ್ತಾನೆ, ಉದ್ರಿಯೂ ಕೊಡುತ್ತಾನೆ. ಅವನ ಸಲಾಯಿನ್ ಬಿಟ್ಟು ಆ ಮಾತಿನ ರೀತಿಯನ್ನು ಸರ್ಕಾರಿ ಡಾಕ್ಟರ್ ಕಲಿತರೆ ನಷ್ಟವೇನಿಲ್ಲ.

"ಎಲ್ಲಾರ ಮುಂದ 'ಬಿಳಿ ಹೋಗ್ತದೇನು' ಅಂತ ಕೇಳಿದ್ರ ಏನಂತ ಹೇಳೂದ್ರಿ?"

ಹೆಂಗಸರ ಸಭೆಯಲ್ಲಿ ಇದು ಬಾರದ ದಿನವೇ ಇಲ್ಲ. ಟೇಬಲ್ ಸುತ್ತ ಐದಾರು ಜನ ನಿಂತಿರುತ್ತಾರೆ. ಅದರಲ್ಲಿ ಒಬ್ಬ ಮೈದುನನೋ ನೆರೆಮನೆಯವನೋ ಇರುತ್ತಾನೆ. ಹೆಂಗಸು "ಏನಿಲ್ರಿ, ತಲಿನೋವು" ಅಂತ ಹೇಳಿ ಪ್ಯಾರಾಸಿಟಮಾಲ್ ಇಸಿದುಕೊಂಡು ಬರುತ್ತಾಳೆ. ಡಾಕ್ಟರ ದಾಖಲೆಯಲ್ಲಿ ಅವಳು ತಲೆನೋವಿನ ರೋಗಿ. ಇಬ್ಬರಿಗೂ ಮೋಸ.

ಗುಟ್ಟು ಕಾಯುವುದು ಉಪಕಾರ ಅಲ್ಲ, ಡಾಕ್ಟರ ವೃತ್ತಿ ನಿಯಮ. ಎಚ್‌ಐವಿ ವಿಷಯದಲ್ಲಂತೂ 2017ರ ಕಾಯ್ದೆಯೇ ಇದೆ. ಟಿಬಿ ಇದ್ದರೆ ಸರ್ಕಾರಕ್ಕೆ ತಿಳಿಸಲೇಬೇಕು ಅಂತ 2012ರಿಂದ ನಿಯಮ ಇದೆ, ಹಾಗಂತ ಅದನ್ನು ಓಣಿಗೆಲ್ಲ ತಿಳಿಸಬೇಕಿಲ್ಲ. ನೀವು ಹೀಗೆ ಹೇಳಬಹುದು: "ಸಾಹೇಬ್ರ, ಒಂದು ಮಾತು ಬ್ಯಾರೆ ಹೇಳೂದದ." ಅದೂ ಆಗದಿದ್ದರೆ ಉಪಕೇಂದ್ರದ ನರ್ಸ್ ಆದ ಎಎನ್‌ಎಂ ಅಕ್ಕನಿಗೋ ಆಶಾ ಅಕ್ಕನಿಗೋ ಮೊದಲೇ ಹೇಳಿ. ಡಾಕ್ಟರ ಕಡೆಯಿಂದ ಬೇಕಾದದ್ದು ಒಂದು ಪರದೆ, ಮತ್ತು ಒಳಗೆ ಒಬ್ಬರೇ ಅನ್ನುವ ಹಟ. ಪರದೆ ತಂದು ಕಟ್ಟದೆ ಸ್ಟೋರಿನಲ್ಲಿ ಮಡಚಿಟ್ಟ ಕೇಂದ್ರಗಳೂ ಇವೆ.

"ಹೆರಿಗಿ ಟೈಮಿಗೆ ನಮ್ಮವ್ವ ಒಳಗ ಬರಬಹುದೇನ್ರಿ?"

ಬರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಯನ್ನು ಬಿಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಸಂಗಾತಿ ಹೆತ್ತ ಅನುಭವ ಇರುವ ಹೆಂಗಸಾಗಿರಬೇಕು, ಅವರಿಗೆ ಅಂಟುಜಾಡ್ಯ ಇರಬಾರದು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು. "ಜಾಗ ಇಲ್ಲ" ಅನ್ನುವುದು ಸಿಬ್ಬಂದಿಯ ಮಾಮೂಲಿ ಉತ್ತರ. ಒಂದೇ ಕೋಣೆಯಲ್ಲಿ ಇಬ್ಬರು ಬ್ಯಾನಿ ತಿನ್ನುತ್ತಿದ್ದರೆ ಅದು ನಿಜವೂ ಹೌದು. ನಡುವೆ ಪರದೆ ಇದ್ದರೆ ಅದೂ ಬಗೆಹರಿಯುತ್ತದೆ.

ಹೆರಿಗೆಯಲ್ಲಿ ಬೈಯುವುದು, ಹೊಡೆಯುವುದು ಯಾವ ಕಾರಣಕ್ಕೂ ಒಪ್ಪುವಂಥದ್ದಲ್ಲ. "ಬೈದರೇನೇ ಕೂಸು ಬರುತ್ತದೆ" ಅನ್ನುವ ಮಾತನ್ನು ಬಾಣಂತಿಯರೇ ನಂಬಿದ್ದಾರೆ, ಅದು ಇನ್ನೂ ಬೇಜಾರಿನ ಸಂಗತಿ.

"ತಾಂಡಾದ ಅಜ್ಜಿ ಹೇಳೂದು ಡಾಕ್ಟರಿಗೆ ತಿಳೀಲಿಲ್ಲ, ಅವರು ಹೇಳಿದ್ದು ಅಜ್ಜಿಗೆ ತಿಳೀಲಿಲ್ಲ. ಯಾರದ್ ತಪ್ಪು?"

ತಪ್ಪು ಹುಡುಕುವುದಕ್ಕಿಂತ ನಡುವೆ ಮಾತು ತಿಳಿಸುವವರನ್ನು ಹುಡುಕುವುದು ಮೇಲು. ನಮ್ಮಲ್ಲಿ ಕನ್ನಡದ ಜೊತೆ ಲಂಬಾಣಿ, ಉರ್ದು ಇವೆ. ಇಂಡಿ, ಚಡಚಣದ ಗಡಿಯಲ್ಲಿ ಮರಾಠಿ ಇದೆ. ದಕ್ಷಿಣದಿಂದ ಬಂದ ಹೊಸ ಡಾಕ್ಟರಿಗೆ ನಮ್ಮ ಕನ್ನಡವೇ ಅರ್ಧ ಹೊಸದು. "ದಮ್ಮ ಹತ್ತೇದ", "ಕಸುವಿಲ್ಲ", "ಸಂಡಾಸ ಹತ್ತೇದ", "ಮೈ ಜುಮ್ ಅಂತದ" ಅಂದರೆ ಮೊದಲ ತಿಂಗಳು ನರ್ಸ್ ಮುಖ ನೋಡುತ್ತಾರೆ. ತಾಂಡಾದ ಆಶಾ ಕಾರ್ಯಕರ್ತೆ ಜೊತೆಗೆ ಬಂದರೆ ಕೆಲಸ ಹಗುರ. ಗುಳಿಗೆ ಕೊಡುವಾಗ ರೋಗಿಯಿಂದಲೇ ವಾಪಸ್ ಹೇಳಿಸಬೇಕು: "ಮುಂಜಾನಿ ಎಷ್ಟು, ರಾತ್ರಿ ಎಷ್ಟು, ಉಂಡ ಮ್ಯಾಲೋ ಮೊದಲೋ?" ಓದು ಬಾರದವರಿಗೆ ಪೊಟ್ಟಣದ ಮೇಲೆ ಸೂರ್ಯ, ಚಂದ್ರ ಬರೆದುಕೊಡುವ ಫಾರ್ಮಾಸಿಸ್ಟರು ಇದ್ದಾರೆ.

ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ದುಡಿಯಲು ಗೋವಾಕ್ಕೆ ಗುಳೆ ಹೋಗುವವರದು ಇನ್ನೊಂದು ತೊಂದರೆ. ಶುಗರ್, ಬಿಪಿ ಗುಳಿಗೆ ಒಂದು ತಿಂಗಳಿಗೆ ಸಿಗುತ್ತದೆ, ಅವರು ವಾಪಸ್ ಬರುವುದು ನಾಲ್ಕೈದು ತಿಂಗಳಿಗೆ. ಹೊರಡುವ ಮೊದಲೇ ಹೇಳಿ, ಔಷಧದ ಹೆಸರು ಬರೆದ ಚೀಟಿ ಇಸಿದುಕೊಂಡು ಹೋಗಿ. ಅಲ್ಲಿನ ಸರ್ಕಾರಿ ಕೇಂದ್ರದಲ್ಲಿ ಅದು ಕೆಲಸಕ್ಕೆ ಬರುತ್ತದೆ.

## ಡಾಕ್ಟರ ಕುರ್ಚಿಯಿಂದ

"ಇರೋನು ನಾನೊಬ್ಬನೇ. ಜನರಿಗೆ ನಮ್ಮ ಕಷ್ಟ ಯಾಕೆ ಕಾಣಲ್ಲ?"

ಕಾಣುವ ಹಾಗೆ ಯಾರೂ ತೋರಿಸಿಲ್ಲ. ಪಿಎಚ್‌ಸಿ ಡಾಕ್ಟರ್ ಅಂದರೆ ಚೀಟಿ ಬರೆಯುವವರು ಅಂತಲೇ ಊರವರ ತಿಳುವಳಿಕೆ. ಪೋಸ್ಟ್‌ಮಾರ್ಟಂ, ಹೊಡೆದಾಟದ ಗಾಯದ ಸರ್ಟಿಫಿಕೇಟ್, ಕೋರ್ಟ್ ಸಾಕ್ಷಿ, ಜಾತ್ರೆ ಡ್ಯೂಟಿ, ತಾಲ್ಲೂಕಿನ ಮೀಟಿಂಗು, ಒಂದೊಂದು ಯೋಜನೆಗೂ ಒಂದೊಂದು ಪೋರ್ಟಲ್‌ಗೆ ಅಂಕಿ ತುಂಬುವುದು, ಇದೆಲ್ಲ ಅದೇ ಮನುಷ್ಯನ ತಲೆಯ ಮೇಲೆ. ಡಾಕ್ಟರುಗಳನ್ನು ಕೇಳಿದರೆ ಒಳ್ಳೆಯ ಸೇವೆ ಅಂದರೆ ಸಿಬ್ಬಂದಿ, ಔಷಧ, ಲ್ಯಾಬ್, ಇರಲು ನೀರು ಬರುವ ಕ್ವಾರ್ಟರ್ಸ್. ರೋಗಿಗಳನ್ನು ಕೇಳಿದರೆ ಮಾತು, ಮರ್ಯಾದೆ, ಹೊತ್ತು. ಎರಡೂ ಪಟ್ಟಿ ನಿಜವೇ.

ಆದರೂ ಒಂದು ಮಾತು ಹೇಳಲೇಬೇಕು. ಸಿಬ್ಬಂದಿ ಕಡಿಮೆ ಅನ್ನುವುದು ತಡವಾದದ್ದಕ್ಕೆ ಕಾರಣ ಆಗಬಹುದು. ಅಜ್ಜನನ್ನು ಏಕವಚನದಲ್ಲಿ ಗದರಿಸಿದ್ದಕ್ಕೆ ಅದು ಕಾರಣ ಆಗುವುದಿಲ್ಲ.

"ಮಾತ್ರೆ ಸ್ಟಾಕ್ ಇಲ್ಲ ಅಂದ್ರೆ ಬೈಗುಳ ನನಗೆ. ನಾನೇನ್ ಮಾಡ್ಲಿ?"

ಖಾಲಿಯಾದ ಔಷಧದ ಹೆಸರನ್ನು, ಯಾವಾಗ ಬೇಡಿಕೆ ಕಳಿಸಿದಿರಿ ಅನ್ನುವುದನ್ನು ಫಲಕದ ಮೇಲೆ ಬರೆಯಿರಿ. ಔಷಧ ರಾಜ್ಯ ಮಟ್ಟದ ನಿಗಮದಿಂದ ಬರುತ್ತದೆ, ನೀವು ಬಚ್ಚಿಟ್ಟಿಲ್ಲ ಅನ್ನುವುದು ಆಗ ಜನರಿಗೆ ತಿಳಿಯುತ್ತದೆ. ತುರ್ತಿಗೆ ಪಿಎಚ್‌ಸಿಯ ಆರೋಗ್ಯ ರಕ್ಷಾ ಸಮಿತಿಯ ಒಪ್ಪಿಗೆ ಪಡೆದು ಮುಕ್ತ ನಿಧಿಯಲ್ಲಿ (ಇಂಥದ್ದಕ್ಕೇ ಅಂತ ಕಟ್ಟಿಹಾಕದ ದುಡ್ಡು) ಕೊಳ್ಳಬಹುದು. ಹೊರಗಡೆಗೆ ಚೀಟಿ ಬರೆಯುವುದು ಕೊನೆಯ ದಾರಿ. ಬರೆದರೂ ಬ್ರ್ಯಾಂಡ್ ಹೆಸರಲ್ಲಿ ಬೇಡ, ಜನೌಷಧಿ ಅಂಗಡಿಯಲ್ಲಿ ಸಿಗುವ ಮೂಲ ಔಷಧದ ಹೆಸರಲ್ಲಿ ಬರೆಯಿರಿ.

"ರೆಫರ್ ಮಾಡಿದ್ರೆ 'ಕೈ ತೊಳ್ಕೊಂಡ್ರು' ಅಂತಾರೆ. ಇಟ್ಕೊಂಡ್ರೆ 'ಸಾಯಿಸಿದ್ರು' ಅಂತಾರೆ."

ಕಳಿಸುವುದು ತಪ್ಪಲ್ಲ, ಕಳಿಸುವ ರೀತಿಯಲ್ಲಿ ತಪ್ಪಿರುತ್ತದೆ. ಬರೀ "ಬಿಜಾಪುರಕ್ಕ ಒಯ್ರಿ" ಅಂದರೆ ಮನೆಯವರಿಗೆ ದಿಕ್ಕು ತೋಚುವುದಿಲ್ಲ. ಕೆಲವರು ಸೋಲಾಪುರಕ್ಕೆ, ಕೆಲವರು ಮಿರಜ್‌ಗೆ ಸ್ವಂತ ಗಾಡಿ ಮಾಡಿಕೊಂಡು ಸಾಲದಲ್ಲಿ ಮುಳುಗುತ್ತಾರೆ. ಏನಾಗಿದೆ, ಇಲ್ಲಿ ಯಾಕೆ ಆಗುವುದಿಲ್ಲ, ಏನು ಕೊಟ್ಟಿದ್ದೀರಿ ಅನ್ನುವುದನ್ನು ಬರೆದುಕೊಡಿ. 108ಕ್ಕೆ ನೀವೇ ಫೋನ್ ಮಾಡಿಸಿ. ಮುಂದಿನ ಆಸ್ಪತ್ರೆಗೂ ತಿಳಿಸಿ.

ಈ ಚೀಟಿಗೆ ಇನ್ನೊಂದು ಬೆಲೆಯೂ ಇದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಇಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಚೀಟಿ ಇಲ್ಲದೆ ಹೋದವರು ಆಮೇಲೆ ಅದಕ್ಕಾಗಿ ಓಡಾಡುತ್ತಾರೆ.

"ಜನ ಕೈ ಮಾಡೋಕೆ ಬರ್ತಾರೆ. ನಗುನಗುತ್ತಾ ಇರಿ ಅಂದ್ರೆ ಹೇಗೆ?"

ಹೊಡೆತಕ್ಕೆ ಸಮರ್ಥನೆ ಇಲ್ಲ. ವೈದ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಕಾಯ್ದೆ ಇದೆ. ಸಾವು, ತೀವ್ರ ನೋವು ಇದ್ದಾಗ ಮನೆಯವರಲ್ಲಿ ಒಬ್ಬರನ್ನು ಪಕ್ಕಕ್ಕೆ ಕರೆದು ಆಗಾಗ ಸ್ಥಿತಿ ಹೇಳುತ್ತಿರಿ. ಹೊರಗೆ ಸುದ್ದಿ ಇಲ್ಲದೆ ಕಾಯುವ ಗುಂಪು ಬೇಗ ಕೆರಳುತ್ತದೆ.

## ರೊಕ್ಕ, ದೂರು, ಸಮಿತಿ

"ಹೆರಿಗಿ ಆದ ಮ್ಯಾಲ 'ಖುಷಿ ರೊಕ್ಕ' ಕೇಳಿದ್ರು. ಕೊಡಬೇಕೇನ್ರಿ?"

ಕೊಡಬೇಕಿಲ್ಲ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ ಎಲ್ಲವೂ ಪುಕ್ಕಟೆ. ಸಾಮಾನ್ಯ ಹೆರಿಗೆಗೆ 3 ದಿನ, ಸಿಸೇರಿಯನ್ ಆದರೆ 7 ದಿನ ಊಟವೂ ಪುಕ್ಕಟೆ. ಕರೆತರುವ, ಮನೆಗೆ ಬಿಡುವ ಗಾಡಿಗೂ ದುಡ್ಡಿಲ್ಲ.

ಒತ್ತಾಯಕ್ಕೆ ಕೊಟ್ಟಿದ್ದರೆ ತಡ ಮಾಡಬೇಡಿ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ತಪ್ಪಿತಸ್ಥರಾಗುತ್ತಾರೆ. ಒತ್ತಾಯದಿಂದ ಕೊಟ್ಟೆವು ಅಂತ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ಬಚಾವ್. ನಮ್ಮ ರಾಜ್ಯದಲ್ಲಿ ಲೋಕಾಯುಕ್ತಕ್ಕೆ ಹೋಗಬಹುದು.

"ದೂರು ಕೊಟ್ರ ನಾಳಿ ಮತ್ತ ಅದೇ ದವಾಖಾನಿಗಿ ಹೋಗಬೇಕಲ್ರಿ. ತ್ರಾಸ ಆಗೂದಿಲ್ಲೇನ?"

ಈ ಹೆದರಿಕೆ ಸುಳ್ಳಲ್ಲ. ಒಬ್ಬರೇ ಹೋಗಬೇಡಿ. ಪ್ರತಿ ಕಂದಾಯ ಗ್ರಾಮಕ್ಕೂ ಆರೋಗ್ಯ, ನೈರ್ಮಲ್ಯ, ಪೌಷ್ಟಿಕತೆ ಸಮಿತಿ ಇದೆ. ಪಿಎಚ್‌ಸಿಗೆ ಆರೋಗ್ಯ ರಕ್ಷಾ ಸಮಿತಿ ಇದೆ. ನಿಮ್ಮ ಅನುಭವವನ್ನು ಹೆಸರಿಲ್ಲದೆ ಅಲ್ಲಿ ಹೇಳಿಸಿ. "ಡಾಕ್ಟರ್ ಸರಿ ಇಲ್ಲ" ಅಂದರೆ ಜಗಳ ಆಗುತ್ತದೆ. "ಸೋಮವಾರ 11ರಿಂದ 1ರವರೆಗೆ ಔಷಧ ಕೊಡುವ ಕಿಟಕಿ ಮುಚ್ಚಿತ್ತು" ಅಂದರೆ ಉತ್ತರ ಕೊಡಲೇಬೇಕಾಗುತ್ತದೆ. ಆಗದಿದ್ದರೆ 104 ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ, ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆದು ಸ್ವೀಕೃತಿ ಪಡೆಯಿರಿ. ನಿಮ್ಮ ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ನಡತೆ ನಿಯಮದಲ್ಲೇ ಇದೆ.

"ಸಮಿತಿ ಇರೂದು ಕಾಗದದಾಗ ಅಷ್ಟ ಅಲ್ರಿ?"

ಬಹಳ ಕಡೆ ಹೌದು. ಸಭೆ ನಡೆಯುವುದಿಲ್ಲ, ಸಹಿ ಮಾಡುವ ಪುಸ್ತಕವೇ ಮನೆಗೆ ಬರುತ್ತದೆ. ಆದರೆ ಸಮಿತಿಯ ಕೈಯಲ್ಲಿ ದುಡ್ಡಿದೆ ಅನ್ನುವುದನ್ನು ಮರೆಯಬೇಡಿ. ಗ್ರಾಮ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಅನ್ನುವುದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಲೆಕ್ಕ. ಪಿಎಚ್‌ಸಿಯದು ಅದಕ್ಕಿಂತ ಎಷ್ಟೋ ಜಾಸ್ತಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಲ್ಲಿ ಹೊರಗೆ ನಿಲ್ಲುವವರಿಗೆ ತಗಡಿನ ನೆರಳು, ಕುಡಿಯುವ ನೀರು, ಹೆಂಗಸರ ಶೌಚಾಲಯಕ್ಕೆ ಒಳಗಿನ ಚಿಲಕ. ಮೊದಲ ಸಭೆಯಲ್ಲಿ ಇವನ್ನೇ ಕೇಳಿ. ಸಭೆಯ ನಡಾವಳಿ ಕೊಡಲು ಒಪ್ಪದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು.

## ಇನ್ನೂ ಆಳಕ್ಕೆ

"ಅದೇ ಡಾಕ್ಟರ್ ಸಂಜೀಕ ತಮ್ಮ ಕ್ಲಿನಿಕ್‌ನ್ಯಾಗ ಎಷ್ಟ್ ಚೊಲೋ ಮಾತಾಡ್ತಾರ! ಮುಂಜಾನಿ ಏನಾಗಿರ್ತದ?"

ಇದನ್ನು ಮಧ್ಯಪ್ರದೇಶದಲ್ಲಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ತರಬೇತಿ ಪಡೆದ ಜನರನ್ನು ರೋಗಿಗಳ ಹಾಗೆ ಕಳಿಸಿದರು. ಪ್ರತಿ ಡಾಕ್ಟರಿಗೂ ಸರ್ಕಾರಿ ಕೇಂದ್ರದಲ್ಲೂ ಅವರ ಖಾಸಗಿ ಕ್ಲಿನಿಕ್ಕಿನಲ್ಲೂ ಅದೇ ಲಕ್ಷಣ ಹೇಳಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಅದೇ ಡಾಕ್ಟರುಗಳು ಖಾಸಗಿಯಲ್ಲಿ ಹೆಚ್ಚು ಹೊತ್ತು ಕೊಟ್ಟಿದ್ದರು, ಹೆಚ್ಚು ಪ್ರಶ್ನೆ ಕೇಳಿದ್ದರು, ಸರಿಯಾದ ಚಿಕಿತ್ಸೆಯನ್ನೂ ಹೆಚ್ಚಾಗಿ ಕೊಟ್ಟಿದ್ದರು. ಅಂದರೆ ತಿಳುವಳಿಕೆಯ ಕೊರತೆ ಅಲ್ಲ. ಖಾಸಗಿಯಲ್ಲಿ ರೋಗಿ ಮತ್ತೆ ಬರದಿದ್ದರೆ ಡಾಕ್ಟರಿಗೆ ನಷ್ಟ. ಸರ್ಕಾರಿಯಲ್ಲಿ ಪಾಳಿ ಸಣ್ಣದಾದರೆ ಲಾಭ. ಇದನ್ನು ಉಪದೇಶದಿಂದ ತಿದ್ದಲು ಆಗುವುದಿಲ್ಲ. ರೋಗಿಯ ಅಭಿಪ್ರಾಯಕ್ಕೆ ಸರ್ಕಾರಿ ಕೆಲಸದಲ್ಲೂ ತೂಕ ಬರಬೇಕು.

"ಸರ್ವೇಕ್ಕ ಬಂದವರು ಕೇಳಿದ್ರ ಎಲ್ಲಾರೂ 'ಚೊಲೋ ಅದ' ಅಂತಾರ. ಹೊರಗ ಬಂದು ಬೈತಾರ. ಯಾವುದು ಖರೆ?"

ಎರಡೂ ಖರೆ. ಕೇಳುವವರ ಕೈಯಲ್ಲಿ ಸರ್ಕಾರದ ಫಾರ್ಮ್ ಕಂಡರೆ ಜನ ಹುಷಾರಾಗುತ್ತಾರೆ. ಇನ್ನೊಂದು ಕಾರಣ ನಿರೀಕ್ಷೆ. ಕಡಿಮೆ ನಿರೀಕ್ಷೆ ಇದ್ದವರಿಗೆ ಕಡಿಮೆ ಸಿಕ್ಕರೂ ಚೊಲೋ ಅನಿಸುತ್ತದೆ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಇದೇ ಜಾತಿಯ ಒಂದು ವಿಚಿತ್ರ ತೋರಿಸಿದ್ದಾರೆ. ಹೆಚ್ಚು ಕಾಲ ಬದುಕುವ ಕೇರಳದ ಜನ "ನಮಗೆ ಕಾಯಿಲೆ ಇದೆ" ಅಂತ ಹೆಚ್ಚು ಹೇಳುತ್ತಾರೆ, ಬಿಹಾರದವರು ಕಡಿಮೆ ಹೇಳುತ್ತಾರೆ.

ಇದನ್ನು ಸರಿದೂಗಿಸಲು ವಿಶ್ವ ಆರೋಗ್ಯ ಸಂಸ್ಥೆಯ ಸಮೀಕ್ಷೆಗಳಲ್ಲಿ ಒಂದು ಉಪಾಯ ಮಾಡಿದರು. ಎಲ್ಲರಿಗೂ ಒಂದೇ ಸಣ್ಣ ಕತೆ ಹೇಳಿ, ಅದಕ್ಕೆ ಅಂಕ ಕೊಡಿಸುತ್ತಾರೆ. ಉದಾಹರಣೆಗೆ: "ಒಬ್ಬಾಕೆ ಮೂರು ತಾಸು ಕಾದಳು, ಡಾಕ್ಟರ್ ಮುಖ ನೋಡದೆ ಚೀಟಿ ಬರೆದರು." ಇದಕ್ಕೂ "ಚೊಲೋ" ಅಂದವರ ಸ್ವಂತ ಅನುಭವದ "ಚೊಲೋ" ಎಷ್ಟು ತೂಕದ್ದು ಅಂತ ಅದರಿಂದ ಗೊತ್ತಾಗುತ್ತದೆ. ಊರ ಮಟ್ಟದಲ್ಲಿ ಇಷ್ಟೆಲ್ಲ ಬೇಡ. ಅಭಿಪ್ರಾಯ ಕೇಳುವ ಬದಲು ಏನು ನಡೆಯಿತು ಅಂತ ಕೇಳಿದರೆ ಸಾಕು. ಎಷ್ಟು ಹೊತ್ತು ಕಾದಿರಿ? ಜಡ್ಡಿನ ಹೆಸರು ಹೇಳಿದರಾ? ಒಳಗೆ ಬೇರೆ ಯಾರಿದ್ದರು? ಕೇಳುವವರು ದವಾಖಾನೆಯವರಾಗಿರಬಾರದು, ಕೇಳುವ ಜಾಗವೂ ದವಾಖಾನೆ ಆಗಿರಬಾರದು.

"ರೋಗಿಗಳು ಕೊಟ್ಟ ಅಂಕ, ನಾವು ನಮಗೆ ಕೊಟ್ಕೊಂಡ ಅಂಕ ತಾಳೆ ಆಗ್ತಾ ಇಲ್ಲ. ಸರಾಸರಿ ತೆಗೆಯೋಣ್ವಾ?"

ಬೇಡ. ಸರಾಸರಿ ತೆಗೆದರೆ ಕೆಲಸಕ್ಕೆ ಬರುವ ಸುದ್ದಿಯೇ ಹೋಗಿಬಿಡುತ್ತದೆ. ಮೊದಲು ಹೇಳಿದ ಮರ್ಯಾದೆ, ಗುಟ್ಟು ಮುಂತಾದ ಎಂಟು ಭಾಗಕ್ಕೂ ಎರಡೆರಡು ಅಂಕ ಪಕ್ಕಪಕ್ಕ ಬರೆಯಿರಿ, ಅಂತರ ಎಲ್ಲಿ ಜಾಸ್ತಿ ಅಂತ ನೋಡಿ. "ತಿಳಿಯುವ ಹಾಗೆ ಹೇಳುತ್ತೇವೆ" ಅಂತ ಡಾಕ್ಟರ್ ಹತ್ತಕ್ಕೆ 9 ಕೊಟ್ಟು ರೋಗಿಗಳು 4 ಕೊಟ್ಟರೆ, ಆ ಕೆಲಸ ಕೋಣೆಯೊಳಗೆ ಆಗಬೇಕು, ಅದಕ್ಕೆ ಮೇಲಿನ ಆದೇಶ ಬೇಕಿಲ್ಲ. ಬೇಗ ನೋಡುವ ವಿಷಯದಲ್ಲಿ ಇಬ್ಬರೂ 3 ಕೊಟ್ಟರೆ ಅದು ಹುದ್ದೆ ತುಂಬುವ ವಿಷಯ, ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯುವಾಗ ಇಬ್ಬರ ಸಹಿಯೂ ಇರಲಿ. ನರ್ಸ್, ಫಾರ್ಮಾಸಿಸ್ಟ್, ಗ್ರೂಪ್ ಡಿ ಸಿಬ್ಬಂದಿಯಿಂದಲೂ ಅಂಕ ಕೊಡಿಸಿ. ರೋಗಿ ಮೊದಲು ಎದುರಾಗುವುದು ಅವರಿಗೇ. ಆರು ತಿಂಗಳಿಗೊಮ್ಮೆ ಇದೇ ಹಾಳೆಯಲ್ಲಿ ಮತ್ತೆ ಬರೆದರೆ ಸಾಕು, ಹೊಸ ನಮೂನೆ ಬೇಡ.